ನರ್ಸಿಂಗ್ ಓದುವವರಿಗೆ ಲಿಟ್‌ಮನ್ ಕ್ಲಾಸಿಕ್ 3 ಬೇಕಾ? ಯಾವಾಗ ಬೇಕು, ಅದರ ಜೊತೆ ಇನ್ನೇನು ಬೇಕು

ಅಡ್ಮಿಶನ್ ಮುಗಿದು ಕ್ಲಾಸ್ ಶುರುವಾದರೆ ಸಾಕು, ಮಕ್ಕಳಿಗಿಂತ ಜಾಸ್ತಿ ಅವರ ಅಪ್ಪ ಅಮ್ಮ ಕೇಳುವ ಪ್ರಶ್ನೆ ಒಂದೇ. ಲಿಟ್‌ಮನ್ ಸ್ಟೆತೋಸ್ಕೋಪ್ ತಗೊಳ್ಳಲೇಬೇಕಾ? ಫೀಸು, ಹಾಸ್ಟೆಲ್ಲು, ಯೂನಿಫಾರ್ಮು ಅಂತ ಆಗಲೇ ಕೈ ಖಾಲಿಯಾಗಿರುತ್ತದೆ, ಅದರ ಮೇಲೆ ಇದೊಂದು ಖರ್ಚು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕ್ಲಾಸಿಕ್ 3 ಒಳ್ಳೆಯ ಸ್ಟೆತೋಸ್ಕೋಪ್. ಆಗುತ್ತದೆ ಅಂದರೆ ತಗೊಳ್ಳಿ. ಆದರೆ ಕಾಲೇಜಿಗೆ ಸೇರಿದ ದಿನವೇ ಬೇಡ. ಮತ್ತು ಇರುವ ದುಡ್ಡನ್ನೆಲ್ಲ ಅದಕ್ಕೇ ಸುರಿದು, ಸೆಕೆಂಡ್ ಮುಳ್ಳಿನ ವಾಚು, ಸರಿಯಾದ ಅಳತೆಯ ಬಿಪಿ ಕಫ್ಫು (ತೋಳಿಗೆ ಸುತ್ತಿ ಗಾಳಿ ತುಂಬುವ ಪಟ್ಟಿ) ಇಲ್ಲದೆ ವಾರ್ಡಿಗೆ ಬರಬೇಡಿ. ರೋಗಿಯನ್ನು ಪರೀಕ್ಷಿಸುವುದಕ್ಕೆ ಮೂರೂ ಬೇಕು, ಅದರಲ್ಲಿ ಮೊದಲು ಬೇಕಾಗಿರುವುದು ವಾಚು.

ನಾನು ಮೊದಲು ಮೆಡಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ, ಆಮೇಲೆ ಐಸಿಯು. ಈಗ ವಿದ್ಯಾರ್ಥಿಗಳನ್ನು ಕ್ಲಿನಿಕಲ್ ಪೋಸ್ಟಿಂಗಿಗೆ ಕರೆದುಕೊಂಡು ಹೋಗುವ ಕೆಲಸ. ಈ ಸ್ಟೆತೋ ನನ್ನ ಸ್ವಂತ ದುಡ್ಡಿನದು, ಯಾರೂ ಬರೆಯಲಿ ಅಂತ ಕೊಟ್ಟಿದ್ದಲ್ಲ. ನನ್ನದಲ್ಲದೆ ವಿದ್ಯಾರ್ಥಿಗಳ ಕೊರಳಲ್ಲಿರುವ ಬೇರೆ ಬೇರೆ ಸ್ಟೆತೋಗಳನ್ನೂ ದಿನವಿಡೀ ಕಿವಿಗೆ ಹಾಕಿಕೊಂಡು ನೋಡುತ್ತಿರುತ್ತೇನೆ, ಹಾಗಾಗಿ ಹೋಲಿಸಿ ಹೇಳಬಲ್ಲೆ.

ಮೊದಲು ವಸ್ತುವಿನ ಬಗ್ಗೆ. ತೂಕ ಸುಮಾರು 150 ಗ್ರಾಂ, ಟ್ಯೂಬಿನ ಸಮೇತ ಉದ್ದ 69 ಸೆಂಟಿಮೀಟರ್. ಎದೆಗೆ ಇಡುವ ಭಾಗ ಸ್ಟೀಲಿನದು. ಅದಕ್ಕೆ ಎರಡು ಮುಖ, ದೊಡ್ಡದು ದೊಡ್ಡವರಿಗೆ, ಚಿಕ್ಕದು ಮಕ್ಕಳಿಗೆ. ಎರಡೂ ಕಡೆ ಪೊರೆ ಇದೆ. ಹಗುರವಾಗಿ ಇಟ್ಟರೆ ಕೆಳಸ್ಥಾಯಿಯ ಶಬ್ದ, ಒತ್ತಿ ಹಿಡಿದರೆ ಮೇಲುಸ್ಥಾಯಿಯ ಶಬ್ದ ಕೇಳುತ್ತದೆ. ಹಳೆಯ ಮಾದರಿಯಲ್ಲಿ ಒಂದು ಕಡೆ ಪೊರೆ, ಇನ್ನೊಂದು ಕಡೆ ಪೊರೆಯಿಲ್ಲದ ಬಟ್ಟಲಿನಂಥ ಬೆಲ್ ಇರುತ್ತಿತ್ತು, ತಿರುಗಿಸಿ ತಿರುಗಿಸಿ ಕೇಳಬೇಕಿತ್ತು. ಇಲ್ಲಿ ಬೆರಳಿನ ಒತ್ತಡದಲ್ಲೇ ಆ ಕೆಲಸ ಆಗುತ್ತದೆ. ತೆರೆದ ಬೆಲ್ಲೇ ಬೇಕು ಅಂದರೆ ಚಿಕ್ಕ ಕಡೆಯ ಪೊರೆ ತೆಗೆದು ರಬ್ಬರ್ ರಿಂಗ್ ಹಾಕಿಕೊಳ್ಳಬಹುದು.

ವಿದ್ಯಾರ್ಥಿಗಳು ಎಡವುವುದು ಇನ್ನೊಂದು ಕಡೆ. ಎರಡು ಮುಖದಲ್ಲಿ ಒಂದು ಸಲಕ್ಕೆ ಒಂದೇ ತೆರೆದಿರುತ್ತದೆ. ಎದೆಗಿಡುವ ಭಾಗವನ್ನು ಅದು ಟ್ಯೂಬಿಗೆ ಸೇರುವ ಕಡೆ ತಿರುಗಿಸಿದರೆ ಇನ್ನೊಂದು ತೆರೆಯುತ್ತದೆ. ಯಾವುದು ತೆರೆದಿದೆ ಅಂತ ತೋರಿಸಲು ಅಲ್ಲೇ ಒಂದು ಗುರುತು ಇದೆ. ಅದನ್ನು ನೋಡದೆ ಮುಚ್ಚಿದ ಕಡೆಯನ್ನು ಎದೆಗಿಟ್ಟು, "ಮ್ಯಾಮ್, ಏನೂ ಕೇಳಿಸ್ತಿಲ್ಲ" ಅನ್ನುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಕಿವಿಗೆ ಹಾಕಿಕೊಂಡು ಪೊರೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ, ಗೊತ್ತಾಗುತ್ತದೆ. ಕಿವಿಯ ಕಡ್ಡಿಗಳು ಮೂಗಿನ ಕಡೆಗೆ ಬಾಗಿರಬೇಕು. ಹಿಂದೆ ಮುಂದೆ ಹಾಕಿಕೊಂಡರೆ ಎಷ್ಟೇ ದುಬಾರಿಯದಾದರೂ ಶಬ್ದ ಅರ್ಧಕ್ಕರ್ಧ ಹೋಗುತ್ತದೆ.

ಹಾಗಾದರೆ 500 ರೂಪಾಯಿಯ ಸ್ಟೆತೋಗೂ ಇದಕ್ಕೂ ಏನು ವ್ಯತ್ಯಾಸ? ಬರೀ ಬಿಪಿ ನೋಡುವುದಕ್ಕಾದರೆ ದೊಡ್ಡ ವ್ಯತ್ಯಾಸ ಇಲ್ಲ. ಇದನ್ನು ಅಂಗಡಿಯವರು ಹೇಳುವುದಿಲ್ಲ, ನಾನು ಹೇಳುತ್ತೇನೆ. ವ್ಯತ್ಯಾಸ ಗೊತ್ತಾಗುವುದು ಶ್ವಾಸಕೋಶಕ್ಕೆ ಕಿವಿ ಕೊಟ್ಟಾಗ, ಅದೂ ನಮ್ಮ ಸರ್ಕಾರಿ ಆಸ್ಪತ್ರೆಗಳ ಜನರಲ್ ವಾರ್ಡಿನಂಥ ಜಾಗದಲ್ಲಿ. ಮೇಲೆ ಫ್ಯಾನಿನ ಕಿರಿಕಿರಿ, ಪಕ್ಕದ ಮಂಚದಲ್ಲಿ ಫೋನು, ಬಾಗಿಲಲ್ಲಿ ಊಟದ ಗಾಡಿ, ರೋಗಿ ಜೊತೆಗೆ ಬಂದವರ ಮಾತು. ಅಗ್ಗದ ಸ್ಟೆತೋದಲ್ಲಿ ಟ್ಯೂಬು ತೆಳು, ಇಯರ್ ಟಿಪ್ ಗಟ್ಟಿ ಪ್ಲಾಸ್ಟಿಕ್ಕು, ಹೊರಗಿನ ಗಲಾಟೆಯೆಲ್ಲ ಒಳಗೆ ಬರುತ್ತದೆ. ಕ್ಲಾಸಿಕ್ 3ರಲ್ಲಿ ಟಿಪ್ ಮೆತ್ತಗಿದೆ, ಕಿವಿಯಲ್ಲಿ ಸರಿಯಾಗಿ ಕೂರುತ್ತದೆ, ಗಲಾಟೆ ಹಿಂದೆ ಸರಿಯುತ್ತದೆ. ಸಣ್ಣ ಶಬ್ದಗಳು ಆಗ ಕೇಳುತ್ತವೆ.

ಆ ಸಣ್ಣ ಶಬ್ದ ಯಾಕೆ ಮುಖ್ಯ ಅಂತ ಒಂದು ಉದಾಹರಣೆ. ಮೆಡಿಕಲ್ ವಾರ್ಡಿನಲ್ಲಿ ಎರಡನೇ ವರ್ಷದ ಹುಡುಗಿಯೊಬ್ಬಳಿಗೆ ಒಬ್ಬ ಅಜ್ಜನನ್ನು ಕೊಟ್ಟಿದ್ದೆ. ವಾಂತಿ ಭೇದಿ ಅಂತ ಸೇರಿದ್ದರು, ಡ್ರಿಪ್ ಹೋಗುತ್ತಿತ್ತು, ಹೃದಯದ ತೊಂದರೆ ಹಳೆಯದು. ಬೆಳಿಗ್ಗೆ ನೋಡಿದಾಗ ಚೆನ್ನಾಗೇ ಇದ್ದರು. ಮಧ್ಯಾಹ್ನ ಅವಳು ಅಜ್ಜನನ್ನು ಕೂರಿಸಿ, ಅಂಗಿ ಮೇಲೆತ್ತಿ, ಬೆನ್ನಿನ ಮೇಲಿಂದ ಕೆಳಗೆ ಎಡ ಬಲ ಹೋಲಿಸುತ್ತಾ ಬಂದಳು. ಮೇಲೆ ಎರಡೂ ಕಡೆ ಸರಿ. ಕೆಳಗೆ, ಪಕ್ಕೆಲುಬು ಮುಗಿಯುವ ಕಡೆ ಬಂದಾಗ ಕೈ ನಿಂತಿತು. "ಕೆಮ್ಮಿ ತಾತ" ಅಂದಳು, ಮತ್ತೆ ಕೇಳಿದಳು. ಶಬ್ದ ಹೋಗಲಿಲ್ಲ. ನನ್ನನ್ನು ಕರೆದಳು. ಕಿವಿಯ ಪಕ್ಕದಲ್ಲಿ ಕೂದಲನ್ನು ಬೆರಳುಗಳ ನಡುವೆ ಉಜ್ಜಿದ ಹಾಗೆ ಸಣ್ಣ ಚರಚರ, ಉಸಿರು ಒಳಗೆ ಎಳೆದುಕೊಳ್ಳುವಾಗ ಮಾತ್ರ. ಇದನ್ನೇ ಕ್ರ್ಯಾಕಲ್ಸ್ ಅನ್ನುವುದು, ಇಂಥವರಲ್ಲಿ ಶ್ವಾಸಕೋಶಕ್ಕೆ ನೀರು ಸೇರುತ್ತಿರಬಹುದು ಅನ್ನುವ ಗುರುತು. ಅವಳು ಅಷ್ಟಕ್ಕೇ ನಿಲ್ಲದೆ ಉಸಿರು ಪೂರ್ತಿ ಒಂದು ನಿಮಿಷ ಎಣಿಸಿ 26 ಅಂತ ಬರೆದಿದ್ದಳು. ಬೆಳಿಗ್ಗೆ 18 ಇತ್ತು. ಇನ್‌ಚಾರ್ಜ್ ಸಿಸ್ಟರಿಗೆ ಹೇಳಿದೆವು, ಡಾಕ್ಟರು ಬಂದು ನೋಡಿ ಡ್ರಿಪ್ ನಿಲ್ಲಿಸಿ ನೀರು ಇಳಿಸುವ ಇಂಜೆಕ್ಷನ್ ಕೊಡಿಸಿದರು. ಆಗ ಆಕ್ಸಿಮೀಟರಿನಲ್ಲಿ 95 ತೋರಿಸುತ್ತಿತ್ತು. ಅದನ್ನು ಮಾತ್ರ ನೋಡಿದ್ದರೆ ಎಲ್ಲಾ ಸರಿಯಿದೆ ಅಂತ ಚಾರ್ಟ್ ಮುಚ್ಚಿ ಮುಂದಿನ ಮಂಚಕ್ಕೆ ಹೋಗಬಹುದಿತ್ತು.

ಅವಳ ಕೈಯಲ್ಲಿದ್ದಿದ್ದು ಕ್ಲಾಸಿಕ್ 3. ಅಗ್ಗದ್ದರಲ್ಲಿ ಆ ಶಬ್ದ ಕೇಳುವುದೇ ಇಲ್ಲ ಅಂತಲ್ಲ. ಕಿವಿ ಪಳಗಿದವರಿಗೆ ಕೇಳುತ್ತದೆ. ಕಲಿಯುವವರಿಗೆ ಕಷ್ಟ. ನನ್ನ ಮುಖ್ಯ ಮಾತು ಇದೇ. ಅನುಭವಸ್ಥರು "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ನಾವು ಕಲಿಯಲಿಲ್ವಾ" ಅನ್ನುತ್ತಾರೆ. ಆದರೆ ಒಳ್ಳೆಯ ಸಾಮಾನು ಹೆಚ್ಚು ಬೇಕಾಗಿರುವುದು ಹೊಸಬರಿಗೇ. ಯಾವುದು ಸರಿಯಾದ ಶಬ್ದ, ಯಾವುದು ಅಲ್ಲ ಅಂತಲೇ ಗೊತ್ತಿಲ್ಲದವರಿಗೆ, ಕೇಳಿದ್ದು ಶ್ವಾಸಕೋಶದ್ದೋ ಟ್ಯೂಬು ಉಜ್ಜಿದ್ದೋ ಅಂತ ಅನುಮಾನ ಬಂದರೆ, ಅವರು ಕೇಳುವುದನ್ನೇ ಬಿಟ್ಟು ಹಿಂದಿನ ಶಿಫ್ಟಿನವರು ಬರೆದಿದ್ದನ್ನು ನೋಡಿ ಬರೆಯಲು ಶುರು ಮಾಡುತ್ತಾರೆ. ಅದು ಅಭ್ಯಾಸವಾದರೆ ಬಿಡಿಸುವುದು ಬಹಳ ಕಷ್ಟ.

ಇನ್ನೊಂದು ವಿಷಯ. ಬಟ್ಟೆಯ ಮೇಲಿಂದ ಕೇಳಬೇಡಿ. ಹೆಣ್ಣುಮಕ್ಕಳಿಗೆ ಸಂಕೋಚ ಇರುತ್ತದೆ, ಹಾಗಂತ ಸೀರೆ ಸೆರಗಿನ ಮೇಲೆ ಸ್ಟೆತೋ ಇಟ್ಟು ಮುಗಿಸಬಾರದು. ಸ್ಕ್ರೀನ್ ಎಳೆಯಿರಿ, ಏನು ಮಾಡುತ್ತೀರಿ ಅಂತ ಮೊದಲೇ ಹೇಳಿ, ಬೇಕಾದಷ್ಟು ಜಾಗ ಮಾತ್ರ ತೆರೆಯಿರಿ. ಎದೆಯ ಮೇಲೆ ಕೂದಲು ಜಾಸ್ತಿ ಇರುವ ಗಂಡಸರಲ್ಲಿ ಕೂದಲು ಪೊರೆಗೆ ತಾಗಿಯೇ ಕ್ರ್ಯಾಕಲ್ಸ್ ಥರ ಕೇಳುತ್ತದೆ. ಅಲ್ಲಿ ಸ್ವಲ್ಪ ನೀರು ಹಚ್ಚಿ, ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬಾಯಿ ತೆರೆದು ಉಸಿರಾಡಲು ಹೇಳಿ.

ಹೃದಯದ ಬಡಿತಕ್ಕೂ ಇದು ಚೆನ್ನಾಗಿದೆ. ಎಡಗಡೆ ಐದನೇ ಪಕ್ಕೆಲುಬಿನ ಸಂದಿಯಲ್ಲಿ, ಕಾಲರ್ ಮೂಳೆಯ ಮಧ್ಯದಿಂದ ಕೆಳಗೆ ಗೆರೆ ಎಳೆದರೆ ಸಿಗುವ ಜಾಗದಲ್ಲಿ ಇಟ್ಟು ಎಣಿಸುವುದು, ಅದೇ ಏಪಿಕಲ್ ಪಲ್ಸ್. ಹೃದಯದ ಬಡಿತ ನಿಧಾನ ಮಾಡುವ ಡಿಗಾಕ್ಸಿನ್ ಮಾತ್ರೆ ಕೊಡುವ ಮುಂಚೆ ಇಲ್ಲೇ ಪೂರ್ತಿ ಒಂದು ನಿಮಿಷ ಎಣಿಸಬೇಕು. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಕೊಡದೆ ಡಾಕ್ಟರಿಗೆ ತಿಳಿಸಬೇಕು. ಬಡಿತ ಏರುಪೇರಾಗಿದ್ದರೆ ಇಬ್ಬರು ಸೇರಿ ಮಾಡಿ. ಒಬ್ಬರು ಎದೆಯಲ್ಲಿ, ಇನ್ನೊಬ್ಬರು ಮಣಿಕಟ್ಟಿನಲ್ಲಿ, ಒಂದೇ ವಾಚು ನೋಡಿಕೊಂಡು ಒಟ್ಟಿಗೆ ಎಣಿಸಿ. ಎದೆಯಲ್ಲಿ 110, ಕೈಯಲ್ಲಿ 88 ಬಂದರೆ ಆ 22ರ ವ್ಯತ್ಯಾಸವನ್ನೂ ಚಾರ್ಟಿನಲ್ಲಿ ಬರೆಯಬೇಕು. ಹೊಟ್ಟೆಗೆ ಬಂದರೆ ಕ್ರಮ ಬದಲು. ಬೇರೆ ಕಡೆ ನೋಡಿ, ಮುಟ್ಟಿ, ತಟ್ಟಿ, ಕೊನೆಗೆ ಕೇಳುತ್ತೇವೆ. ಹೊಟ್ಟೆಯಲ್ಲಿ ನೋಡಿದ ಕೂಡಲೇ ಕೇಳಬೇಕು, ಆಮೇಲೆ ತಟ್ಟುವುದು, ಕೊನೆಗೆ ಒತ್ತುವುದು. ಮೊದಲೇ ಒತ್ತಿದರೆ ಕರುಳಿನ ಶಬ್ದ ಬದಲಾಗುತ್ತದೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಎಕ್ಸಾಮಿನರ್ ಇದನ್ನೇ ಗಮನಿಸುತ್ತಾರೆ.

ಯಾರು ತಗೊಳ್ಳಬಾರದು ಅಂತಲೂ ಹೇಳಬೇಕಲ್ವಾ? ಇಂಡಿಯನ್ ನರ್ಸಿಂಗ್ ಕೌನ್ಸಿಲ್ಲಿನ ಹೊಸ ಸೆಮಿಸ್ಟರ್ ಸಿಲಬಸ್ಸಿನಲ್ಲಿ ಬಿಎಸ್ಸಿ ನರ್ಸಿಂಗಿನವರಿಗೆ ಹೆಲ್ತ್ ಅಸೆಸ್‌ಮೆಂಟ್, ಅಂದರೆ ರೋಗಿಯನ್ನು ಪರೀಕ್ಷಿಸುವ ಪಾಠ, ಬರುವುದು ಎರಡನೇ ಸೆಮಿಸ್ಟರಿನಲ್ಲಿ. ಮೊದಲ ಸೆಮಿಸ್ಟರಿನಲ್ಲಿ ಬೆಡ್ ಮೇಕಿಂಗ್, ವೈಟಲ್ಸ್ (ಜ್ವರ, ನಾಡಿ, ಉಸಿರು, ಬಿಪಿ ನೋಡುವುದು), ಅನಾಟಮಿ ಇದರಲ್ಲೇ ಇರುತ್ತೀರಿ. ಅಲ್ಲಿಯವರೆಗೆ 500-600 ರೂಪಾಯಿಯದು ಧಾರಾಳವಾಗಿ ಸಾಕು. ಹಾಸ್ಟೆಲಿನಲ್ಲಿ ಕಳೆದುಹೋಗುವ ಸಾಧ್ಯತೆಯೂ ಮೊದಲ ವರ್ಷವೇ ಜಾಸ್ತಿ. ಲಿಟ್‌ಮನ್ನಿನಲ್ಲೇ ಲೈಟ್‌ವೇಟ್ 2 ಅಂತ ಇನ್ನೊಂದಿದೆ, ಹಗುರ, ಬೆಲೆಯೂ ಕಡಿಮೆ, ಬಿಪಿಗೆ ಚೆನ್ನಾಗಿದೆ, ಆದರೆ ಎದೆಗೆ ಕ್ಲಾಸಿಕ್ಕಿನಷ್ಟು ಸಾಲದು. ಕಾರ್ಡಿಯಾಲಜಿ 4 ಅಂತ ಕ್ಲಾಸಿಕ್ಕಿಗಿಂತ ತುಂಬಾ ದುಬಾರಿಯದೂ ಇದೆ. ವಿದ್ಯಾರ್ಥಿಗಳಿಗೆ ಅದರ ಅಗತ್ಯ ಖಂಡಿತ ಇಲ್ಲ. ಸಾಲ ಮಾಡಿಯಂತೂ ತಗೊಳ್ಳಬೇಡಿ.

ಈಗ ಬಿಪಿ ಆಪರೇಟಸ್. ನನಗೆ ಹೆಚ್ಚು ಕಳಕಳಿ ಇರುವುದು ಇದರ ಬಗ್ಗೆ. ಡಿಜಿಟಲ್ ಮಿಷನ್ ಮನೆಗೆ ಸರಿ. ಕಲಿಯುವವರು ಕೈಯಲ್ಲಿ ಬಲ್ಬ್ ಒತ್ತುವ, ಮುಳ್ಳಿನ ಡಯಲ್ ಇರುವ ಅನೆರಾಯ್ಡ್ ಮಾದರಿ ತಗೊಳ್ಳಿ. ಪಾದರಸದ್ದು ಈಗ ಆಸ್ಪತ್ರೆಗಳಿಂದಲೇ ಹೋಗುತ್ತಿದೆ. ಪಾದರಸದ ಬಳಕೆ ಕಡಿಮೆ ಮಾಡುವ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಒಪ್ಪಿಕೊಂಡಿದೆ, ಆದ್ದರಿಂದ ಹಳೆಯ ಪೆಟ್ಟಿಗೆಯ ಬಿಪಿ ಆಪರೇಟಸ್ ಅಗ್ಗಕ್ಕೆ ಸಿಕ್ಕರೂ ಬೇಡ. ಅನೆರಾಯ್ಡ್ ಕೊಳ್ಳುವಾಗ ಅಂಗಡಿಯಲ್ಲೇ ನೋಡಿ. ಗಾಳಿ ಪೂರ್ತಿ ತೆಗೆದಾಗ ಮುಳ್ಳು ಸೊನ್ನೆಯ ಮೇಲೆ ನಿಲ್ಲಬೇಕು. ಗಾಳಿ ತುಂಬಿ ವಾಲ್ವ್ ಮುಚ್ಚಿ ಬಿಟ್ಟರೆ ಮುಳ್ಳು ತಾನಾಗೇ ಜಾರಬಾರದು. ಸ್ಕ್ರೂ ಸ್ವಲ್ಪ ಸಡಿಲಿಸಿದರೆ ನಿಧಾನವಾಗಿ ಇಳಿಯಬೇಕು, ಜಿಗಿಯುತ್ತಾ ಇಳಿಯಬಾರದು. ಇದು ಬಿದ್ದರೆ ತಪ್ಪು ತೋರಿಸಲು ಶುರು ಮಾಡುತ್ತದೆ, ಹಾಗಾಗಿ ವರ್ಷಕ್ಕೊಮ್ಮೆಯಾದರೂ ಸರಿಯಿರುವ ಮಿಷನ್ ಜೊತೆ ಹೋಲಿಸಿ ಪರೀಕ್ಷೆ ಮಾಡಿಸಬೇಕು.

ಅದಕ್ಕಿಂತ ದೊಡ್ಡ ವಿಷಯ ಕಫ್ಫಿನ ಅಳತೆ. ತೋಳಿನ ಸುತ್ತಳತೆ 27ರಿಂದ 34 ಸೆಂಟಿಮೀಟರ್ ಇರುವವರಿಗೆ ಸಾಮಾನ್ಯ ಅಡಲ್ಟ್ ಕಫ್, 22ರಿಂದ 26 ಇದ್ದರೆ ಚಿಕ್ಕದು, 35ರಿಂದ 44 ಇದ್ದರೆ ದೊಡ್ಡದು. ಕಫ್ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಜಾಸ್ತಿ ಬರುತ್ತದೆ, ದೊಡ್ಡದಾದರೆ ಕಡಿಮೆ. ನಮ್ಮ ವಾರ್ಡಿನಲ್ಲಿ ಮಲಗಿರುವ ಅಜ್ಜಿಯರ ತೋಳು ನೋಡಿ, ಎಷ್ಟೋ ಜನರದು 22 ಸೆಂಟಿಮೀಟರ್ ಇರುವುದೂ ಕಷ್ಟ. ಅವರಿಗೆ ಅದೇ ದೊಡ್ಡ ಕಫ್ಫನ್ನು ಎರಡು ಸುತ್ತು ಸುತ್ತಿ 100/60 ಅಂತ ಬರೆದು ಹೋಗುತ್ತಾರೆ. ಇನ್ನೊಂದು ಕಡೆ ದಪ್ಪ ತೋಳಿನ ಗರ್ಭಿಣಿಗೆ ಚಿಕ್ಕ ಕಫ್ ಬಿಗಿದು 150 ಬಂತು ಅಂತ ಮನೆಯವರನ್ನೆಲ್ಲ ಹೆದರಿಸುತ್ತಾರೆ. ಒಂದು ಟೇಪು ಜೇಬಿನಲ್ಲಿಟ್ಟುಕೊಳ್ಳಿ, 20 ರೂಪಾಯಿ. ಚಿಕ್ಕ ಕಫ್ಫು ಬೇರೆಯಾಗಿ ಸಿಗುತ್ತದೆ, ಇಬ್ಬರು ಮೂವರು ಸೇರಿ ಒಂದು ತಗೊಳ್ಳಿ.

ನೋಡುವ ಕ್ರಮವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಸಾಮಾನು ಎಷ್ಟು ಚೆನ್ನಾಗಿದ್ದರೂ ಇಲ್ಲಿ ತಪ್ಪಿದರೆ ಸಂಖ್ಯೆ ಸುಳ್ಳು. ರೋಗಿ 5 ನಿಮಿಷ ಸುಮ್ಮನೆ ಕೂತಿರಬೇಕು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಬೇಡ. ತೋಳು ಹೃದಯದ ಮಟ್ಟದಲ್ಲಿ, ಕೆಳಗೆ ಏನಾದರೂ ಇಟ್ಟು. ಕಾಫಿ ಕುಡಿದು, ಬೀಡಿ ಸೇದಿ ಅರ್ಧ ಗಂಟೆ ಆಗಿರಬೇಕು. ಬಿಗಿ ರವಿಕೆಯ ತೋಳನ್ನು ಮೇಲಕ್ಕೆ ಉರುಳಿಸಿ ಅದರ ಕೆಳಗೆ ಕಫ್ ಕಟ್ಟಬೇಡಿ, ಅದೇ ಒಂದು ಪಟ್ಟಿ ಕಟ್ಟಿದ ಹಾಗೆ ಆಗುತ್ತದೆ. ಡಯಾಲಿಸಿಸ್ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ್ದು) ಇರುವ ಕೈ ಮುಟ್ಟಲೇಬೇಡಿ. ಸ್ತನದ ಆಪರೇಷನ್ ಆಗಿರುವ ಕಡೆ, ಡ್ರಿಪ್ ಹೋಗುತ್ತಿರುವ ಕೈ, ಇವೂ ಬೇಡ. ಮೊದಲು ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಿ, ನಾಡಿ ನಿಂತ ಸಂಖ್ಯೆ ನೆನಪಿಡಿ, ಗಾಳಿ ಬಿಡಿ. ಈಗ ಸ್ಟೆತೋ ಇಟ್ಟು ಆ ಸಂಖ್ಯೆಗಿಂತ 30 ಮೇಲೆ ಹೋಗಿ, ಸೆಕೆಂಡಿಗೆ 2 ಮಿಲಿಮೀಟರಿನಂತೆ ಇಳಿಸಿ. ಮೊದಲ ಟಕ್ ಮೇಲಿನದು, ಶಬ್ದ ಪೂರ್ತಿ ನಿಂತಿದ್ದು ಕೆಳಗಿನದು. ರಷ್ಯಾದ ಡಾಕ್ಟರು ಕೊರೊಟ್ಕಾಫ್ 1905ರಲ್ಲಿ ಹೇಳಿದ್ದು ಇದನ್ನೇ, ಇವತ್ತಿಗೂ ಬದಲಾಗಿಲ್ಲ.

ಮೊದಲು ನಾಡಿ ಹಿಡಿಯುವ ಹೆಜ್ಜೆಯನ್ನು ಬಹಳ ಜನ ಬಿಡುತ್ತಾರೆ. ಅದು ಸುಮ್ನೆ ಪುಸ್ತಕದ ಶಾಸ್ತ್ರ ಅಲ್ಲ. ಬಿಪಿ ಜಾಸ್ತಿ ಇರುವ ಕೆಲವರಲ್ಲಿ ಮೊದಲ ಟಕ್ ಆದ ಮೇಲೆ ಶಬ್ದ ನಡುವೆ ಮಾಯವಾಗಿ ಮತ್ತೆ ಶುರುವಾಗುತ್ತದೆ. ನೀವು 160ರ ತನಕ ಮಾತ್ರ ಗಾಳಿ ತುಂಬಿದರೆ, 190 ಇರುವವರಿಗೆ 150 ಅಂತ ಬರೆದುಬಿಡುತ್ತೀರಿ. ಇನ್ನೊಂದು, ಕೊನೆಯ ಅಂಕಿ ಯಾವಾಗಲೂ ಸೊನ್ನೆ ಬರೆಯಬೇಡಿ. ಡಯಲ್ಲಿನಲ್ಲಿ ಎರಡೆರಡರ ಗೆರೆ ಇದೆ, 124 ಇದ್ದರೆ 124 ಬರೆಯಿರಿ. ಜ್ವರ, ನಾಡಿ, ಉಸಿರು ಬರೆಯುವ ಟಿಪಿಆರ್ ಚಾರ್ಟಿನಲ್ಲಿ ವಾರ್ಡಿಗೆ ವಾರ್ಡೇ 120/80 ಇರುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ತಲೆ ಸುತ್ತು ಅನ್ನುವವರಿಗೆ ಮಲಗಿದ್ದಾಗ ಒಂದು ಸಲ, ನಿಂತ ಮೇಲೆ 3 ನಿಮಿಷದೊಳಗೆ ಇನ್ನೊಂದು ಸಲ ನೋಡಿ. ಮೇಲಿನದು 20 ಅಥವಾ ಕೆಳಗಿನದು 10 ಇಳಿದಿದ್ದರೆ ತಿಳಿಸಿ, ಅವರನ್ನು ಒಬ್ಬರೇ ಬಾತ್‌ರೂಮಿಗೆ ಬಿಡಬೇಡಿ.

ವಾಚು. ಡಿಜಿಟಲ್ ಬೇಡ, ಸ್ಮಾರ್ಟ್ ವಾಚೂ ಬೇಡ. ಮುಳ್ಳು ಓಡುವುದು ಕಾಣಬೇಕು. ಕೈಗೆ ಕಟ್ಟುವ ಬದಲು ಯೂನಿಫಾರ್ಮಿಗೆ ಪಿನ್ ಮಾಡುವ, ತಲೆಕೆಳಗಾಗಿ ತೂಗುವ ವಾಚು ಸಿಗುತ್ತದೆ. ಕೈ ತೊಳೆಯಲು ಅನುಕೂಲ, ನಾಡಿ ಹಿಡಿದಾಗ ನೋಡಲೂ ಸುಲಭ, ಬೆಲೆ 200-300. ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಕೆಲಸಕ್ಕೆ ಬರುವುದು ಇದೇ. ಉಸಿರಾಟವನ್ನು ಪೂರ್ತಿ 60 ಸೆಕೆಂಡ್ ಎಣಿಸಿ, ಅದೂ ರೋಗಿಗೆ ಹೇಳದೆ. ಹೇಳಿದರೆ ಉಸಿರು ಬದಲಾಗುತ್ತದೆ. ನಾಡಿ ಎಣಿಸಿ ಮುಗಿದ ಮೇಲೂ ಮಣಿಕಟ್ಟು ಬಿಡದೆ ಹಿಡಿದುಕೊಂಡೇ ಎದೆ ಏರಿಳಿಯುವುದನ್ನು ನೋಡಿ. ರೋಗಿ ಕೆಡುತ್ತಿದ್ದಾರೆ ಅಂತ ಮೊದಲು ಹೇಳುವ ಗುರುತುಗಳಲ್ಲಿ ಉಸಿರಾಟದ ವೇಗವೂ ಒಂದು, ಆದರೆ ಎಲ್ಲರೂ ಅಂದಾಜಿಗೆ ಬರೆಯುವುದೂ ಅದನ್ನೇ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಬಳಸುವ ನ್ಯೂಸ್ 2 ಅನ್ನುವ ಅಂಕಪಟ್ಟಿಯಲ್ಲಿ ಉಸಿರು 25 ಅಥವಾ ಜಾಸ್ತಿ ಇದ್ದರೆ ಅದೊಂದಕ್ಕೇ 3 ಅಂಕ, ಅಂದರೆ ಒಂದು ಅಳತೆಗೆ ಸಿಗುವ ಅತಿ ಹೆಚ್ಚು ಅಂಕ. ನಮ್ಮ ಹುಡುಗಿಯರು ಎಷ್ಟೋ ಜನ ಆಮೇಲೆ ಅಲ್ಲಿಗೇ ಕೆಲಸಕ್ಕೆ ಹೋಗುತ್ತಾರೆ, ಅಲ್ಲಿ 18 ಅಂತ ಅಂದಾಜಿಗೆ ಬರೆದು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮಕ್ಕಳ ವಾರ್ಡಿಗೆ ಹೋಗುವ ಮುಂಚೆ ಇದು ಬಾಯಿಗೆ ಬರಬೇಕು: 2 ತಿಂಗಳೊಳಗಿನ ಕೂಸಿಗೆ 60, 2ರಿಂದ 12 ತಿಂಗಳಿಗೆ 50, 1ರಿಂದ 5 ವರ್ಷಕ್ಕೆ 40, ಅಷ್ಟು ಅಥವಾ ಜಾಸ್ತಿ ಇದ್ದರೆ ಉಸಿರು ವೇಗವಾಗಿದೆ ಅಂತ ಅರ್ಥ.

ಉಳಿದವು ಬೇಗ ಮುಗಿಸುತ್ತೇನೆ. ಆಕ್ಸಿಮೀಟರ್ ಸ್ವಂತಕ್ಕೆ ಬೇಕಾಗಿಲ್ಲ, ವಾರ್ಡಿನಲ್ಲಿ ಇರುತ್ತದೆ. ಬಳಸುವಾಗ ನೈಲ್ ಪಾಲಿಶ್ ಒರೆಸಿ, ದಟ್ಟ ಮೆಹೆಂದಿ ಇದ್ದರೆ ಬೇರೆ ಬೆರಳು ಅಥವಾ ಕಿವಿ ನೋಡಿ, ತಣ್ಣಗಿರುವ ಕೈ ಉಜ್ಜಿ ಬೆಚ್ಚಗೆ ಮಾಡಿ. ರಕ್ತ ಕಡಿಮೆ ಇರುವವರಲ್ಲೂ ಇದು 98 ತೋರಿಸಬಹುದು, ಆದ್ದರಿಂದ ಕಣ್ಣಿನ ಕೆಳ ರೆಪ್ಪೆ ಎಳೆದು, ನಾಲಿಗೆ, ಅಂಗೈ ನೋಡುವುದನ್ನು ಬಿಡಬೇಡಿ. ನಮ್ಮ ಕಪ್ಪು, ಕಂದು ಮೈಬಣ್ಣದಲ್ಲಿ ನೀಲಿಗಟ್ಟಿರುವುದು ಕಾಣುವುದು ತುಟಿಯ ಒಳಗೆ ಮತ್ತು ನಾಲಿಗೆಯಲ್ಲಿ. ಥರ್ಮಾಮೀಟರ್ ಡಿಜಿಟಲ್ ತಗೊಳ್ಳಿ, ಹಣೆಗೆ ಹಿಡಿಯುವ ಗನ್ ಬೇಡ. ಪೆನ್ ಟಾರ್ಚು ಕಣ್ಣು ಕುಕ್ಕುವಷ್ಟು ಬಿಳಿ ಎಲ್‌ಇಡಿ ಆಗಿರಬಾರದು. ಕಣ್ಣಿನ ಪಾಪೆ, ಗಂಟಲು ನೋಡಲು ಸಾಕು. ಕಾಮಾಲೆ ನೋಡಲು ಮಾತ್ರ ಟಾರ್ಚು ಬೇಡ, ರೋಗಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ.

ಈಗ ಸ್ವಲ್ಪ ಬೇಸರದ ಮಾತು. ಕೆಲವು ಕಾಲೇಜುಗಳಲ್ಲಿ ಅಸೆಸ್‌ಮೆಂಟ್ ಕಿಟ್ ಅಂತ ಕಡ್ಡಾಯವಾಗಿ ಮಾರುತ್ತಾರೆ. ಹೆಸರು ಬೇಡ. ನಮ್ಮ ಸಂಬಂಧಿಕರ ಮಗಳಿಗೆ ಅಂಥದ್ದೊಂದು ಕಿಟ್ ಕೊಟ್ಟಿದ್ದರು, ಬಿಚ್ಚಿ ಎಲ್ಲಾ ನೋಡಿದೆ. ಬಣ್ಣದ ಬ್ಯಾಗು ಚೆನ್ನಾಗಿತ್ತು. ಬಿಪಿ ಮುಳ್ಳು ಸೊನ್ನೆಗೆ ಬರುತ್ತಿರಲಿಲ್ಲ, 8ರ ಹತ್ತಿರ ನಿಲ್ಲುತ್ತಿತ್ತು. ಸ್ಟೆತೋ ಟ್ಯೂಬು ಮಡಚಿದ ಕಡೆ ಆಗಲೇ ಬಿಳಿ ಗೆರೆ ಬಿದ್ದಿತ್ತು. ಕಫ್ ಒಂದೇ ಅಳತೆ. ಮಂಡಿಗೆ ಹೊಡೆಯುವ ಸುತ್ತಿಗೆ, ಟ್ಯೂನಿಂಗ್ ಫೋರ್ಕ್ ಎರಡೂ ಇದ್ದವು, ಸ್ಕಿಲ್ ಲ್ಯಾಬಿನಲ್ಲಿ ಹೇಗೂ ಇರುವ ವಸ್ತುಗಳು. ವಾಚು ಇರಲಿಲ್ಲ. ಆ ದುಡ್ಡಿಗೆ ಒಳ್ಳೆಯ ಅನೆರಾಯ್ಡ್, ವಾಚು, ಟಾರ್ಚು, ಥರ್ಮಾಮೀಟರ್ ಬಂದು ಇನ್ನೂ ಉಳಿಯುತ್ತಿತ್ತು. ಹಳ್ಳಿಯಿಂದ ಬಂದ ಅಪ್ಪ ಅಮ್ಮಂದಿರಿಗೆ ಇದೆಲ್ಲ ಗೊತ್ತಿರುವುದಿಲ್ಲ, ಕಾಲೇಜಿನವರು ಹೇಳಿದ್ದಕ್ಕೆ ದುಡ್ಡು ಕಟ್ಟುತ್ತಾರೆ. ಕಿಟ್ ಕಡ್ಡಾಯ ಅಂದರೆ ವಿನಯವಾಗಿಯೇ ಕೇಳಿ: ಯಾವ ಕಂಪನಿಯದು, ವಾರಂಟಿ ಎಷ್ಟು, ಹೊರಗೆ ತಂದರೆ ಆಗಲ್ವಾ ಅಂತ. ಕೇಳುವುದರಲ್ಲಿ ತಪ್ಪಿಲ್ಲ.

ಯಾವ ಅಂಗಡಿಯಲ್ಲೂ ಸಿಗದ ಇನ್ನೊಂದಿದೆ, ಅದು ರೋಗಿಯನ್ನು ಮಾತಾಡಿಸುವುದು. ನೋವಿಗೆ 0ಯಿಂದ 10ರ ಒಳಗೆ ಅಂಕ ಕೊಡಿ ಅಂದರೆ ನಮ್ಮ ಕಡೆಯ ವಯಸ್ಸಾದವರು ಸುಮ್ಮನೆ ಮುಖ ನೋಡುತ್ತಾರೆ. "ಅಜ್ಜಿ, ನಿನ್ನೆ ರೂಪಾಯಿಯಷ್ಟು ನೋವಿತ್ತು ಅಂದ್ರೆ ಇವತ್ತು ಎಷ್ಟಾಣೆ ಇದೆ?" ಅಂತ ಕೇಳಿ ನೋಡಿ. "ಎಂಟಾಣೆ ಇಳಿದೈತವ್ವ" ಅಂತ ಥಟ್ಟನೆ ಹೇಳುತ್ತಾರೆ. ಎದೆ ಉರಿ, ಗ್ಯಾಸ್ಟ್ರಿಕ್ಕು ಅಂತ ಹೇಳಿಕೊಂಡು ಬರುವವರನ್ನು ಅಷ್ಟಕ್ಕೇ ಬಿಡಬೇಡಿ. ಬೆವರು ಬಂತಾ, ಎಡಗೈಗೆ, ದವಡೆಗೆ ಹರಿಯಿತಾ, ನಡೆದರೆ ಜಾಸ್ತಿಯಾಗುತ್ತಾ ಅಂತ ಕೇಳಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯದ ನೋವು ನೋವಿನ ಥರ ಇರಲೇಬೇಕು ಅಂತಿಲ್ಲ. ಕರ್ನಾಟಕದ ಕಾಲೇಜುಗಳಲ್ಲಿ ಕೇರಳದ ಮಕ್ಕಳು ತುಂಬಾ ಜನ ಓದುತ್ತಾರೆ. ಅವರು ವಾರ್ಡಿನಲ್ಲಿ ಕನ್ನಡ ಕಲಿಯುವ ಶ್ರದ್ಧೆ ನೋಡಿದರೆ ಖುಷಿಯಾಗುತ್ತದೆ. "ಊಟ ಮಾಡಿದ್ರಾ, ಮೋಶನ್ ಆಯ್ತಾ, ಎಲ್ಲಿ ನೋವು" ಇಷ್ಟರಿಂದ ಶುರು ಮಾಡಿ ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಪೂರ್ತಿ ಹಿಸ್ಟರಿ ಕನ್ನಡದಲ್ಲೇ ತಗೊಳ್ಳುತ್ತಾರೆ.

ಇನ್ನು ಕೊಳ್ಳುವ ವಿಚಾರ. ಕ್ಲಾಸಿಕ್ 3 ಬಣ್ಣ, ಅಂಗಡಿ ನೋಡಿಕೊಂಡು ಸುಮಾರು 7 ಸಾವಿರದಿಂದ 10 ಸಾವಿರದವರೆಗೆ ಇರುತ್ತದೆ. ಕಪ್ಪು ಟ್ಯೂಬಿನದು ಅಗ್ಗ ಬೀಳುವುದು ಹೆಚ್ಚು, ಕೆಲಸ ಎಲ್ಲಾ ಬಣ್ಣದ್ದೂ ಒಂದೇ. ಯಾವ ಊರಿನ ದೊಡ್ಡಾಸ್ಪತ್ರೆ ಹತ್ತಿರ ಹೋದರೂ ಸರ್ಜಿಕಲ್ ಅಂಗಡಿ ಸಿಗುತ್ತದೆ, ಅಲ್ಲಿ ಕಿವಿಗೆ ಹಾಕಿ ನೋಡಿ ತಗೊಳ್ಳಬಹುದು. ನಕಲಿ ಬಹಳ ಇದೆ, ಎರಡು ಮೂರು ಸಾವಿರಕ್ಕೆ "ಒರಿಜಿನಲ್" ಅಂದರೆ ನಂಬಬೇಡಿ. ಅಸಲಿಯದರಲ್ಲಿ ಎದೆಗಿಡುವ ಭಾಗದ ಮೇಲೆ ಸೀರಿಯಲ್ ನಂಬರ್ ಕೊರೆದಿರುತ್ತದೆ. ಬಿಲ್ಲು ಇಟ್ಟುಕೊಳ್ಳಿ, ವಾರಂಟಿಗೆ ಬೇಕು. ಇನ್ನೊಂದು ವಿಷಯ, ಲಿಟ್‌ಮನ್ ತಯಾರಿಸುತ್ತಿದ್ದ 3ಎಂ ಕಂಪನಿಯ ಆರೋಗ್ಯ ವಿಭಾಗ 2024ರ ಏಪ್ರಿಲ್‌ನಲ್ಲಿ ಬೇರೆಯಾಗಿ ಸಾಲ್ವೆಂಟಮ್ ಅನ್ನುವ ಕಂಪನಿಯಾಗಿದೆ. ಡಬ್ಬದ ಮೇಲೆ ಆ ಹೆಸರು ಕಂಡರೆ ಅಷ್ಟಕ್ಕೇ ನಕಲಿ ಅಂದುಕೊಳ್ಳಬೇಡಿ.

ಬರೀ ಕೊರಳಿಗೆ ಹಾಕಿಕೊಳ್ಳಬೇಡಿ. ಚರ್ಮದ ಎಣ್ಣೆ, ಬೆವರು ತಾಗಿ ಟ್ಯೂಬು ಗಡುಸಾಗುತ್ತದೆ. ಕಾಲರ್ ಮೇಲೆ ಬರುವ ಹಾಗೆ ಹಾಕಿಕೊಳ್ಳಿ, ಅಥವಾ ಜೇಬಿನಲ್ಲಿ ಸಡಿಲವಾಗಿ ಸುತ್ತಿಡಿ. ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಹೋಗುವ ಮುಂಚೆ ಸ್ಪಿರಿಟ್ ಹತ್ತಿಯಿಂದ ಪೊರೆ ಒರೆಸಿ, ನೀರಿನಲ್ಲಿ ಮುಳುಗಿಸಬೇಡಿ. ಬಿಸಿಲಿನಲ್ಲಿ ಸ್ಕೂಟರ್ ಡಿಕ್ಕಿಯೊಳಗೆ ಬಿಡಬೇಡಿ. ಹೆಸರಿನ ಟ್ಯಾಗ್ ಹಾಕಿಸಿ, ಇಲ್ಲದಿದ್ದರೆ ರೌಂಡ್ಸಿನಲ್ಲಿ ಯಾರೋ "ಒಂದು ನಿಮಿಷ ಕೊಡಿ" ಅಂತ ತಗೊಂಡಿದ್ದು ವಾಪಸ್ ಬರುವುದಿಲ್ಲ.

5ಕ್ಕೆ 4 ಕೊಡುತ್ತೇನೆ. ಒಂದು ಕಳೆದಿದ್ದು ಬೆಲೆಗೆ. ಮತ್ತೆ ಇಯರ್ ಟಿಪ್ಪು, ಪೊರೆ ಬದಲಿಸಬೇಕಾದರೆ ಚಿಕ್ಕ ಊರುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ, ಆನ್‌ಲೈನಿನಲ್ಲೇ ತರಿಸಬೇಕು. ಕೊಳ್ಳುವಾಗಲೇ ಡಬ್ಬದಲ್ಲಿ ಬರುವ ಹೆಚ್ಚಿನ ಟಿಪ್ಪುಗಳನ್ನು ಜೋಪಾನವಾಗಿ ಎತ್ತಿಡಿ. ಈಗ ಮೊದಲ ಸೆಮಿಸ್ಟರಿನಲ್ಲಿದ್ದೀರಾ? ವಾಚು ಮತ್ತು ಟೇಪು ಇವತ್ತೇ ತಗೊಳ್ಳಿ, ಅನೆರಾಯ್ಡ್ ಬಿಪಿ ಮೊದಲ ಪೋಸ್ಟಿಂಗಿನ ಮುಂಚೆ, ಕ್ಲಾಸಿಕ್ 3 ಎರಡನೇ ಸೆಮಿಸ್ಟರಿಗೆ.